ಗಗನಚುಂಬಿ ಸೌಧಗಳೂ ಕೂಲಿಕಾರನ ಮೇಲಣ ದೂರೂ

ಬಹು ಅಂತಸ್ತಿನ ಕಟ್ಟಡವು ಅವಧಿಯೊಳಗೆ ಮುಗಿಯದಿದ್ದರೆ ಕೂಲಿಕಾರರು ಮೈಗಳ್ಳರೆಂದು ದೂರುವ ಗುತ್ತಿಗೆದಾರರನ್ನು ವಾಚಕರು ಬಲ್ಲರು. ಈ ದೂರನ್ನು ನಾವು ಒಪ್ಪಲಾರೆವು. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಸೌಧವನ್ನು ನೋಡಿರಿ. 1930ನೆಯ ಮಾರ್ಚಿಯಲ್ಲಿ ಕಟ್ಟಲಾರಂಭಿಸಿದ ಆ 102 ಅಂತಸ್ತುಗಳ ಸೌಧವು 1931ನೆಯ ಮೇ 1ರಂದು ತೆರೆಯಲ್ಪಟ್ಟಿತು. ಅಲ್ಲಿಯ ಕೆಲಸಗಾರರಿಗೇನು ನಾಲ್ಕು ಕೈಗಳಿದ್ದುವೆ? ಇದ್ದ ಎರಡು ಕೈಗಳಿಗೆ ಸಾಮಾನು ವೇಳೆಗೆ ಸರಿಯಾಗಿ ಒದಗುತ್ತಿದ್ದಿತು, ಅಷ್ಟೆ. ಸುಮಾರು ಒಂದು ಕೋಟಿ ಇಟ್ಟಿಗೆಗಳನ್ನು ಬೀದಿಯಲ್ಲಿ ರಾಶಿ ಹಾಕಲಿಲ್ಲ. ಲಾರಿಯಿಂದ ನೆಲಮಾಳಿಗೆಗೆ ಜಾರಿಸಿ, ಅಲ್ಲಿ ಪುಟ್ಟ ಬಂಡಿಗಳಲ್ಲಿ ತುಂಬಿ, ಯಂತ್ರದಿಂದ ಮೇಲಕ್ಕೆತ್ತಿ, ಆಯಾ ಅಂತಸ್ತಿನಲ್ಲಿ ಹಾಸಿದ್ದ ಹಳಿಗಳ ಮೇಲೆ ಗಾರೆ ಕೆಲಸದವನ ಬಳಿಗೇ ತಳ್ಳಿದರು. ಊಟಕ್ಕಾಗಿ ಕೆಳಗಿಳಿಯಬೇಕಾಗದಂತೆ ಕೆಲವು ಅಂತಸ್ತುಗಳಲ್ಲಿಯೇ ಉಪಾಹಾರಗೃಹಗಳಿದ್ದುವು. ಯಂತ್ರಗಳಿಗಿಂತ ಈ ಜಾಣ್ಮೆಯನ್ನೇ ನಾವು ಹೆಚ್ಚು ಮೆಚ್ಚುತ್ತೇವೆ.

ಕಟ್ಟಡವು ಬೆಳೆದಷ್ಟೂ ಕ್ರೇನಿನ ಒಂದೊಂದು ಏರಿಳಿತವೂ ದೀರ್ಘವಾಗುವುದು. ಹತ್ತನೆಯ ಅಂತಸ್ತಿಗೆ ಸಾಲುತ್ತಿದ್ದ ಯಂತ್ರವು ನಲವತ್ತನೆಯದಕ್ಕೆ ಸಾಲದು. ಕಾಂಕ್ರೀಟು ಬಾರದೆ ಇಪ್ಪತ್ತು ಮಂದಿ ಕುಳಿತಿದ್ದರೆ ತಪ್ಪು ಕುಳಿತವರದೋ, ಎರಡನೆಯ ಯಂತ್ರದ ಬಾಡಿಗೆಯನ್ನು ಉಳಿಸಿದವರದೋ? ಕಳೆದ ಹೊತ್ತನ್ನು ರಾತ್ರಿಯ ದುಡಿಮೆಯಿಂದ ತುಂಬಹೊರಟರೆ ದಣಿದ ಕಾಲು ಎತ್ತರದಲ್ಲಿ ಜಾರೀತು. ಅಷ್ಟೊಂದು ವ್ಯವಸ್ಥೆಯಿದ್ದ ಆ ಸೌಧದಲ್ಲಿಯೂ, ಅಧಿಕೃತ ಲೆಕ್ಕದಂತೆಯೇ, ಐವರು ಮಡಿದರು. ಬೆಂಗಳೂರು ಮುಂಬಯಿಗಳಲ್ಲಿ ಗೋಪುರಗಳನ್ನೆಬ್ಬಿಸುತ್ತಿರುವ ಮಹನೀಯರು ಹಾಜರಿ ಪುಸ್ತಕದ ಪಕ್ಕದಲ್ಲಿ, ಯಂತ್ರಕ್ಕಾಗಿ ಕೂಲಿಕಾರನು ಕಾದ ಗಳಿಗೆಗಳ ಲೆಕ್ಕವನ್ನೂ ಬರೆದಿಡಲಿ. ಅವರ ದೂರನ್ನು ಆಮೇಲೆ ಕೇಳುವೆವು.