ಗೋಡೆಯೊಳಗಿನ ಇಂಗಾಲದ ಲೆಕ್ಕ

ದಾವಣಗೆರೆಯಲ್ಲಿ ಹಳೆಯ ಮನೆಯೊಂದರ ದುರಸ್ತಿ ನಡೆದಿದೆಯೆಂದು ಭಾವಿಸೋಣ. ಹರಿಹರದಿಂದ ಇಟ್ಟಿಗೆ ಹೊತ್ತ ಲಾರಿ ಬಾಗಿಲಲ್ಲಿ ನಿಂತಿದೆ. ಈ ಕೆಲಸದ 'ಇಂಗಾಲದ ಹೆಜ್ಜೆಗುರುತ'ನ್ನು ಅಳೆಯಹೊರಟ ನಮಗೆ ಹೊಗೆಯುಗುಳುವ ಲಾರಿಯೇ ಮುಖ್ಯ ಅಪರಾಧಿಯೆಂದು ತೋರುವುದು ಸಹಜ.

ಎರಡು ಊರುಗಳ ನಡುವೆ ಸುಮಾರು 14 ಕಿಲೋಮೀಟರು. ಹೋಗಿಬರಲು ಲಾರಿಯು 7 ಲೀಟರು ಡೀಸೆಲ್ ಕುಡಿಯಿತೆನ್ನೋಣ. ಲೀಟರೊಂದು ಉರಿದರೆ ಸುಮಾರು 2.7 ಕಿಲೋಗ್ರಾಮು ಇಂಗಾಲದ ಡೈಆಕ್ಸೈಡು ಹುಟ್ಟುವುದು. ಒಟ್ಟು 19 ಕಿಲೋಗ್ರಾಮು. ಎಣ್ಣೆಗಿಂತ ಹೊಗೆಯೇ ಭಾರವೆ ಎಂದು ಓದುಗರು ಹುಬ್ಬೇರಿಸಬಹುದು. ಉರಿಯುವಾಗ ಗಾಳಿಯ ಆಮ್ಲಜನಕವೂ ಅದರಲ್ಲಿ ಸೇರಿಕೊಳ್ಳುವುದನ್ನು ನಾವು ಮರೆಯಬಾರದು.

ಈಗ ಮೂಲೆಯಲ್ಲಿರುವ 50 ಕಿಲೋಗ್ರಾಮಿನ ಒಂದೇ ಒಂದು ಸಿಮೆಂಟ್ ಚೀಲವನ್ನು ನೋಡೋಣ. ಶುದ್ಧ ಸುಣ್ಣಕಲ್ಲನ್ನು ಸುಟ್ಟಾಗ ಅದರ ತೂಕದ ನೂರರಲ್ಲಿ 44 ಪಾಲು ಇದೇ ಅನಿಲವಾಗಿ ಹಾರಿಹೋಗುವುದು. ಆದುದರಿಂದ ಸಾಮಾನ್ಯ ಪೋರ್ಟ್‌ಲೆಂಡ್ ಸಿಮೆಂಟಿನ ಚೀಲವೊಂದಕ್ಕೆ ಕಲ್ಲಿನಿಂದಲೇ ಸುಮಾರು 25 ಕಿಲೋಗ್ರಾಮು! ಗೂಡಿನಲ್ಲುರಿದ ಕಲ್ಲಿದ್ದಲಿನ ಲೆಕ್ಕ ಬೇರೆ. ಹಾರುಬೂದಿ ಬೆರೆತ ಸಿಮೆಂಟಿನಲ್ಲಿ ಈ ಹೊರೆ ಕಡಮೆ.

ನಮ್ಮ ಹಿರಿಯರ ಗಾರೆಗೂ ಸುಣ್ಣಕಲ್ಲನ್ನು ಸುಡಲೇಬೇಕಾಗಿತ್ತು. ಆದರೆ ಆ ಗಾರೆ ಗಟ್ಟಿಯಾಗುವುದು, ಕಲ್ಲು ಕಳೆದುಕೊಂಡ ಅನಿಲವನ್ನು ಗಾಳಿಯಿಂದ ವರ್ಷಗಟ್ಟಲೆ ಮರಳಿ ಹೀರಿಕೊಂಡೇ. ಸಿಮೆಂಟೂ ಹೀರುತ್ತದೆ, ಆದರೆ ಕಳೆದುಕೊಂಡುದರ ಒಂದಂಶವನ್ನು ಮಾತ್ರ. ಸುಣ್ಣದ ಗಾರೆ ಮೆದುವಾದುದರಿಂದ ಹಳೆಯ ಗೋಡೆಯ ಇಟ್ಟಿಗೆ ಒಡೆಯದೆ ಬಿಡಿಸಿಕೊಂಡು ಬರುವುದು. ಸಿಮೆಂಟಿನ ಗೋಡೆಯನ್ನು ಕೆಡವಿದರೆ ಬಹುಪಾಲು ಚೂರುಗಳೇ ನಮ್ಮ ಪಾಲಿಗೆ. ಬಿಡಿಸಿದ ಇಟ್ಟಿಗೆಯನ್ನು ಉಜ್ಜಿ ಮತ್ತೆ ಕಟ್ಟಿದಾಗ, ಅದಕ್ಕಾಗಿ ಭಟ್ಟಿಯ ಬೆಂಕಿಯನ್ನು ಎರಡನೆಯ ಸಲ ಹೊತ್ತಿಸಬೇಕಾಗಿಲ್ಲ.