ಸೊಳ್ಳೆಯನ್ನು ದೂರವಿಡುವ ಬಟ್ಟೆ

ಮಲೇರಿಯದ ರೋಗಾಣುವನ್ನು ಸೊಳ್ಳೆಯ ಜಠರದಲ್ಲಿ ರೊನಾಲ್ಡ್ ರಾಸ್ ಕಂಡುದು 1897ರಲ್ಲಿ, ಸಿಕಂದರಾಬಾದಿನಲ್ಲಿ. ಸೊಳ್ಳೆಯ ಕಡಿತ ಬರಿಯ ಕಿರುಕುಳವಲ್ಲವೆಂಬುದು ಆಗ ಸ್ಪಷ್ಟವಾಯಿತು. ರಾತ್ರಿ ಕಚ್ಚುವ ಅನಾಫಿಲಿಸ್ ಸೊಳ್ಳೆಗೆ ಪರದೆಯುಂಟು. ಡೆಂಗೆಯನ್ನು ಹರಡುವ ಈಡಿಸ್ ಸೊಳ್ಳೆಯಾದರೋ ಹಗಲಿನಲ್ಲಿಯೇ ಕಚ್ಚುತ್ತದೆ. ಹಗಲೆಲ್ಲ ಪರದೆಯೊಳಗೆ ಕುಳಿತಿರಲು ಯಾರಿಗೆ ಸಾಧ್ಯ? ಉಟ್ಟ ಬಟ್ಟೆಯೇ ಕಾವಲಾಗಬಾರದೇಕೆ ಎಂಬ ಯೋಚನೆ ಹುಟ್ಟಿದುದು ಸಹಜ.

ಹೆಣ್ಣು ಸೊಳ್ಳೆ ಮನುಷ್ಯನನ್ನು ಅರಸಿ ಬರುವುದು ಉಸಿರಿನ ಇಂಗಾಲದ ಡೈಆಕ್ಸೈಡು, ಮೈಯ ಕಾವು, ಬೆವರಿನ ವಾಸನೆ ಇವುಗಳ ಜಾಡು ಹಿಡಿದು. ಸಿಟ್ರೊನೆಲ್ಲ ಹುಲ್ಲಿನ ತೈಲದ ಕಟುಗಂಧ ಈ ಜಾಡನ್ನು ಕೆಡಿಸುತ್ತದೆ. ಅದು ಸೊಳ್ಳೆಯನ್ನು ಕೊಲ್ಲುವುದಿಲ್ಲ. ದೂರ ಸರಿಸುತ್ತದೆ, ಅಷ್ಟೆ. ತೊಡಕಿರುವುದು ಬೇರೆಡೆ. ಗಂಧ ಹಬ್ಬಬೇಕಾದರೆ ತೈಲ ಆವಿಯಾಗಬೇಕು. ಆವಿಯಾದರೆ ಬೇಗ ತೀರಿಹೋಗುತ್ತದೆ. ಮೈಗೆ ಹಚ್ಚಿದ ತೈಲದ ಪ್ರಭಾವ ಸಾಮಾನ್ಯವಾಗಿ ಒಂದೆರಡು ಗಂಟೆಗಳಲ್ಲಿ ಕುಂದುತ್ತದೆ. ಬಟ್ಟೆಗೆ ಸವರಿದರೂ ಹೆಚ್ಚಿನ ಪ್ರಯೋಜನವಿಲ್ಲ. ಹತ್ತಿಯ ಸೆಲ್ಯುಲೋಸು ನೀರನ್ನು ಒಲಿದು ಹೀರುತ್ತದೆಯೇ ಹೊರತು ಇಂತಹ ತೈಲವನ್ನು ಬಿಗಿಯಾಗಿ ಹಿಡಿದಿಡದು.

ಇದಕ್ಕೆ ತಂತ್ರಜ್ಞರು ಕಂಡ ಉಪಾಯ ಸೊಗಸಾದುದು. ಅರೇಬಿಕ್ ಗೋಂದು, ಜೆಲಟಿನ್ ಇವುಗಳ ದ್ರಾವಣದಲ್ಲಿ ತೈಲವನ್ನು ಕಡೆದು, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದು, ಪ್ರತಿ ಹನಿಯ ಸುತ್ತ ತೆಳುವಾದ ಕವಚ ಕಟ್ಟಿಕೊಳ್ಳುವಂತೆ ಮಾಡುತ್ತಾರೆ. ಗಂಜಿ, ಮೇಣಗಳನ್ನು ತೆಗೆದ ಬಟ್ಟೆಯನ್ನು ಈ ಕೋಶಗಳೂ ಅಂಟುದ್ರವ್ಯವೂ ಬೆರೆತ ದ್ರವದಲ್ಲಿ ಅದ್ದಿ, ಉರುಳೆಗಳ ನಡುವೆ ಹಿಂಡಿ, ಒಣಗಿಸುತ್ತಾರೆ. ಬಟ್ಟೆ ಮೈಗೆ ಉಜ್ಜಿದಂತೆಲ್ಲ ಕೆಲವು ಕೋಶಗಳು ಒಡೆದು ಗಂಧವನ್ನು ಬಿಡುತ್ತವೆ. ಒಗೆದಂತೆಲ್ಲ ಕೋಶಗಳು ಉದುರುವುದೂ ಉಂಟು. ಕೆಲವರ ಚರ್ಮಕ್ಕೆ ಈ ತೈಲ ಉರಿ ತರುವುದೂ ಉಂಟು. ಮಲೇರಿಯವಿರುವ ಊರಿನಲ್ಲಂತೂ ಈ ಬಟ್ಟೆಯನ್ನು ನಂಬಿ ಪರದೆಯನ್ನು ಮಡಿಸಿಡುವಂತಿಲ್ಲ.