ನ್ಯಾಯಾಧೀಶರನ್ನು ಸೂಚಿಸುವ ಆಯೋಗದಲ್ಲಿ ಕೂರುವವರು ಯಾರು?

ಅಮೆರಿಕದ ಅನೇಕ ರಾಜ್ಯಗಳಲ್ಲಿ ಗವರ್ನರ್, ಅಂದರೆ ಜನರಿಂದ ನೇರವಾಗಿ ಚುನಾಯಿತರಾದ ರಾಜ್ಯದ ಆಡಳಿತ ಮುಖ್ಯಸ್ಥರು, ತಮಗೆ ತೋಚಿದವರನ್ನು ನ್ಯಾಯಾಧೀಶರನ್ನಾಗಿ ನೇಮಿಸುವಂತಿಲ್ಲ. ನಾಮನಿರ್ದೇಶನ ಆಯೋಗವೆಂಬ ಸಣ್ಣ ಮಂಡಳಿಯು ಅರ್ಜಿಗಳನ್ನು ಸೋಸಿ ಕೊಟ್ಟ ಕಿರುಪಟ್ಟಿಯೊಳಗಿಂದಲೇ ಆರಿಸಬೇಕು. ಆದ್ದರಿಂದ ನಿಜವಾದ ಅಧಿಕಾರವು ಬಹುಮಟ್ಟಿಗೆ ಪಟ್ಟಿ ಮಾಡುವವರ ಕೈಯಲ್ಲಿದೆ.

1940ರಲ್ಲಿ ಮತದಾರರು ಒಪ್ಪಿದ ಮಿಸೌರಿ ಪದ್ಧತಿಯಲ್ಲಿ, ಮೇಲಿನ ಹಂತದ ನ್ಯಾಯಾಲಯಗಳಿಗೆ ಹೆಸರು ಸೂಚಿಸುವ ಆಯೋಗದ 7 ಸ್ಥಾನಗಳನ್ನು ವಕೀಲರು ಚುನಾಯಿಸಿದ ಮೂವರು ವಕೀಲರಿಗೂ, ಗವರ್ನರ್ ನೇಮಿಸಿದ ಮೂವರು ಸಾಮಾನ್ಯ ನಾಗರಿಕರಿಗೂ, ರಾಜ್ಯದ ಸುಪ್ರೀಂ ಕೋರ್ಟಿನ ಒಬ್ಬ ನ್ಯಾಯಾಧೀಶರಿಗೂ ಹಂಚಲಾಗಿದ್ದು, ಆಯೋಗ ಕಳುಹಿಸಿದ 3 ಹೆಸರುಗಳಲ್ಲಿ ಒಂದನ್ನು ಗವರ್ನರ್ 60 ದಿನಗಳೊಳಗೆ ಆರಿಸದಿದ್ದರೆ ಆಯೋಗವೇ ನೇಮಕ ಮಾಡುತ್ತದೆ. ಕಾನ್ಸಾಸ್ ರಾಜ್ಯವು 9 ಸ್ಥಾನಗಳಲ್ಲಿ 5ನ್ನು ವಕೀಲರ ಚುನಾವಣೆಗೆ ಬಿಟ್ಟಿತು. ಅಭ್ಯರ್ಥಿಯ ಕಾನೂನು ಪಾಂಡಿತ್ಯವನ್ನು ಅಳೆಯಬಲ್ಲವರು ವಕೀಲರೇ ಎಂಬ ಸಮರ್ಥನೆಯಲ್ಲಿ ಹುರುಳಿದೆಯಾದರೂ, ನಾಳೆ ಯಾರ ಮುಂದೆ ವಾದಿಸಬೇಕೋ ಅವರನ್ನು ಇಂದು ತಾವೇ ಸೂಚಿಸುವುದು ಎಷ್ಟು ಸರಿ ಎಂಬ ಆಕ್ಷೇಪವನ್ನೂ ತಳ್ಳಿಹಾಕಲಾಗದು.

ಫ್ಲಾರಿಡಾ ಇದಕ್ಕೆ ತದ್ವಿರುದ್ಧ. ಅಲ್ಲಿ ಮೊದಲು ಗವರ್ನರ್ ಮೂವರನ್ನೂ ವಕೀಲರ ಸಂಘ ಮೂವರನ್ನೂ ನೇಮಿಸಿ, ಆ ಆರು ಮಂದಿ ಉಳಿದ ಮೂವರನ್ನು ಆರಿಸುತ್ತಿದ್ದರು. 2001ರ ತಿದ್ದುಪಡಿಯ ಬಳಿಕ 9 ಮಂದಿಯನ್ನೂ ಗವರ್ನರರೇ ನೇಮಿಸುತ್ತಾರೆ, ಸಂಘವು 4 ಸ್ಥಾನಗಳಿಗೆ ಹೆಸರು ಸೂಚಿಸಬಹುದಾದರೂ ಆ ಪಟ್ಟಿಯನ್ನು ಅವರು ತಿರಸ್ಕರಿಸಬಹುದು. ಗವರ್ನರರ ಕೈ ಕಟ್ಟಬೇಕಾದ ಆಯೋಗ ಹೀಗೆ ಅವರದೇ ಕೈಯ ವಿಸ್ತರಣೆಯಾಗುವ ಸಾಧ್ಯತೆಯಿದೆ.

ಅಯೋವಾದಲ್ಲಿ ತಕ್ಕಡಿ ಗವರ್ನರರ ಕಡೆಗೆ ವಾಲಲು ಒಂದೇ ಕುರ್ಚಿ ಸಾಕಾಯಿತು: ಗವರ್ನರ್ ಮತ್ತು ವಕೀಲರ ಕಡೆಯಿಂದ ತಲಾ 8 ಸದಸ್ಯರಿದ್ದ ಆಯೋಗದಿಂದ 2019ರ ಕಾನೂನು ಹಿರಿಯ ನ್ಯಾಯಾಧೀಶರ ಸ್ಥಾನವನ್ನು ತೆಗೆದು, ಅದನ್ನು ಗವರ್ನರರ ಒಂಬತ್ತನೆಯ ನೇಮಕವನ್ನಾಗಿಸಿತು.